ಗೋಲಿಯ ಹೊಟ್ಟೆಗೆ ಎಲ್ಲರ ಅನ್ನ

ಕೋಡಿಬಾಗ, ಕಾರವಾರ
೨೧೮೪ನೇ ಇಸವಿ, ಫೆಬ್ರವರಿ ಮೂವತ್ತು

ಕಾರ್ಯದರ್ಶಿ ಕೃಷ್ಣನಾಥ ಮಾಜಾಳಿಕರ್ ಅವರಿಗೆ,

ಕಾಗದ ಬರೆಯುವುದು ನನ್ನ ಕೆಲಸವಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಒಲೆಯ ಮುಂದೆ ನಿಂತವಳು ನಾನು, ದುರ್ಗಿ ಹರಿಕಂತ್ರ. ಎಪ್ಪತ್ತೆರಡನೇ ವಯಸ್ಸಿನಲ್ಲಿ ಕೈಗೆ ಪೆನ್ನು ಕೊಟ್ಟು ಕೂರಿಸಿದ್ದಾರೆ. ತಾರೀಖು ನೋಡಿ ನಗಬೇಡಿ, ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ತಿಳಿಯದ ಮಾತು ಬಂದರೆ ಕ್ಷಮಿಸಿ. ಉಳಿದದ್ದಕ್ಕೆ ನಾನು ಕ್ಷಮೆ ಕೇಳುವುದಿಲ್ಲ.

ನೀವು ಕಟ್ಟಿದ ಕಾಳಿಸಂಗಮ ಫುಟ್ಬಾಲ್ ಸಂಘಕ್ಕೆ ನಲವತ್ತು ವರ್ಷದಿಂದ ಅಡುಗೆ ಮಾಡುತ್ತಿದ್ದೇನೆ. ೨೦೨೬ರಲ್ಲಿ ನೀವು ನಿಯಮಪುಸ್ತಕದಲ್ಲಿ ಒಂದು ಸಾಲು ಬರೆದಿರಿ: ಪಂದ್ಯಕ್ಕೆ ಮೊದಲಿನ ಮೂರು ದಿನ ಯಾರೂ ಅನ್ನ, ರೊಟ್ಟಿ, ಗೆಣಸು ತಿನ್ನತಕ್ಕದ್ದಲ್ಲ. ಕಾರಣವೂ ಪಕ್ಕದಲ್ಲೇ ಇದೆ. ಗೋಲು ಕಾಯುವ ನಿಮ್ಮ ಗೋಲಿ ಆಂತೋನನಿಗೆ ಹೊಟ್ಟೆ ಬಂದಿತ್ತಂತೆ. ಅವನೊಬ್ಬನ ಹೊಟ್ಟೆ ಇಳಿಸಲು ಹೋಗಿ ನೂರೈವತ್ತೆಂಟು ವರ್ಷ ಎಲ್ಲರ ಬಟ್ಟಲು ಕಿತ್ತುಕೊಂಡಿರಿ. ಸಂಘದ ಗೋಡೆಯ ಮೇಲೆ ನಿಮ್ಮ ಚಿತ್ರವಿದೆ. ಎದುರಿಗೆ ಬಾಳೆಲೆ, ಅದರ ತುಂಬ ಅನ್ನ. ನಾಚಿಕೆಯಾಗಬೇಕು.

ಪಂದ್ಯದ ಬೆಳಿಗ್ಗೆ ಸಂಘದ ಸಮಿತಿಯವರು ನಮ್ಮ ತಂಡದ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ನಾಲಗೆಯ ಮೇಲೆ ಒಂದು ಹನಿ ಮದ್ದು ಬಿಡುತ್ತಾರೆ. ನಾಲಗೆನೀಲಿ ಎನ್ನುತ್ತೇವೆ. ಮೂರು ದಿನದಲ್ಲಿ ಒಂದು ತುತ್ತು ಅನ್ನ ತಿಂದಿದ್ದರೂ ನಾಲಗೆ ನೀಲಿಯಾಗುತ್ತದೆ, ಆಡುವವಳು ಹೊರಗೆ. ಸಮುದ್ರ ಊರೊಳಗೆ ಬಂದ ಮೇಲೆ ನಮ್ಮಲ್ಲಿ ಮೈದಾನ ನೀರಿನ ಮೇಲೆ ತೇಲುತ್ತದೆ, ಸುತ್ತ ಕಣ್ಣು ಹಾಯುವಷ್ಟು ದೂರ ಉಪ್ಪುನೀರಿನ ಕಗ್ಗ ಭತ್ತ. ಅದರ ನಡುವೆ ಇವರು ಮೊಟ್ಟೆ, ಮೀನು, ಸೊಪ್ಪು ತಿಂದು ಓಡುತ್ತಾರೆ. ಒಂದು ಗಂಟೆ ಓಡುತ್ತಾರೆ, ಅಷ್ಟೆ. ಮೀನು ಮೈ ಕಟ್ಟುತ್ತದೆ, ಒಪ್ಪಿದೆ. ತೊಂಬತ್ತು ನಿಮಿಷ ಓಡುವ ಕಾಲಿಗೆ ಅನ್ನ ಬೇಕು. ಅಭ್ಯಾಸದ ದಿನ ನನ್ನ ಗಂಜಿ ಉಂಡು ಕೊನೆಯವರೆಗೂ ಜಿಂಕೆಯ ಹಾಗೆ ಓಡುವವರು ಇವರೇ. ಇದನ್ನು ಕಾಣಲು ಶಾಲೆ ಬೇಕಿಲ್ಲ.

ಮೊನ್ನೆ ಸೆಮಿಫೈನಲ್ಲಿನಲ್ಲಿ ನನ್ನ ಮೊಮ್ಮಗಳು ತಾರಿಣಿ ಎಪ್ಪತ್ತನೇ ನಿಮಿಷಕ್ಕೆ ಕಾಲು ಬರದೆ ನಿಂತುಬಿಟ್ಟಳು. ದಂಡೆಯಿಂದ ಒಬ್ಬ, “ತಾರಿಣೀ, ಹೊತ್ಕೊಂಡು ಹೋಗೂಕೆ ದೋಣಿ ತರ್ಲನೇ?” ಅಂದ. ಎಲ್ಲ ನಕ್ಕರು. ಗೆದ್ದದ್ದು ನಮ್ಮ ಗೋಲಿಯ ಕೈಯಿಂದ. ಫೈನಲ್ಲಿನಲ್ಲೂ ಹೀಗೆ ನಿಂತರೆ ತಂಡದಿಂದ ತೆಗೆಯುತ್ತೇವೆಂದು ಸಮಿತಿ ಹೇಳಿದೆ. ಅವಳು ಮನೆಗೆ ಬಂದು, “ಆಯಿ, ನಂಗೆ ದಮ್ಮೇ ಇಲ್ವನೇ?” ಅಂದಳು. ಹತ್ತೊಂಬತ್ತು ವರ್ಷದ ಹುಡುಗಿ, ಹೊಟ್ಟೆಯಲ್ಲಿ ಅನ್ನವಿಲ್ಲದ್ದನ್ನು ತನ್ನ ತಪ್ಪೆಂದು ತಿಳಿದಿದ್ದಾಳೆ.

ನಮ್ಮಲ್ಲಿ ಹಳೆಯ ನಿಯಮವನ್ನು ಬರೆದವರೇ ಹಿಂತೆಗೆಯಬೇಕು. ಸತ್ತವರು ಬದುಕಿದ್ದ ಕಾಲಕ್ಕೆ ಕಾಗದ ಒಯ್ದು ಉತ್ತರ ತರುವ ಹಿಮ್ಮುಖ ಅಂಚೆ ಇರುವುದೇ ಅದಕ್ಕೆ. ಹಿರಿಯರನ್ನು ಪ್ರಶ್ನಿಸಲು ಸಮಿತಿಯ ಗಂಡಸರಿಗೆ ಎದೆಯಿಲ್ಲ, ಅಡುಗೆಯವಳನ್ನು ಮುಂದೆ ತಳ್ಳಿದ್ದಾರೆ.

ಫೈನಲ್ ಮಾರ್ಚ್ ಎಂಟಕ್ಕೆ. ಐದನೇ ತಾರೀಖಿನಿಂದ ಅವಳು ಉಣ್ಣಬೇಕು. ಆ ಸಾಲನ್ನು ಹಿಂತೆಗೆದಿದ್ದೇನೆ ಎಂದು ಬರೆದು ಸಹಿ ಹಾಕಿ, ವಿವರಣೆ ಬೇಡ. ಉತ್ತರ ಮಾರ್ಚ್ ನಾಲ್ಕರ ಸಂಜೆಯೊಳಗೆ ನನ್ನ ಕೈಯಲ್ಲಿರಬೇಕು.

ದುರ್ಗಿ ಹರಿಕಂತ್ರ