ಏಷ್ಯಾದ ಲೆಕ್ಕದಲ್ಲಿ ಎರಡು ಕೋಣ

ಶಂಕರನಾರಾಯಣ, ಕುಂದಾಪುರ ತಾಲೂಕು
೫ ಅಕ್ಟೋಬರ್ ೨೦೨೫, ಭಾನುವಾರ

ಪ್ರೀತಿಯ ಮಗಳು ಸೌಮ್ಯಶ್ರೀಗೆ ಅಪ್ಪನ ಆಶೀರ್ವಾದಗಳು.

ಹೇಗಿದ್ದೀ? ದೆಹಲಿಯ ಹೊಗೆಗೆ ಕೆಮ್ಮು ಶುರುವಾಗಿದೆ ಎಂದಿದ್ದೆ, ಕಡಿಮೆಯಾಯಿತಾ? ಅಮ್ಮ ಕಳಿಸಿದ ಕಷಾಯದ ಪುಡಿಯನ್ನು ಡಬ್ಬಿಯಲ್ಲೇ ಇಟ್ಟು ಪೂಜೆ ಮಾಡಬೇಡ, ಕುಡಿ. ಇಲ್ಲಿ ನಾವು ಮೂವರೂ ಸೌಖ್ಯ. ನನ್ನ ಮಂಡಿನೋವು ಹಾಗೇ ಇದೆ. ಅಜ್ಜಿಯ ಕಿವಿ ಮಾತ್ರ ವಯಸ್ಸಾದಷ್ಟೂ ಚುರುಕಾಗುತ್ತಿದೆ; ಈಗ ನನ್ನ ಕಷ್ಟವೇ ಅದು.

ನೀನು ಕಳಿಸಿದ ಆಫೀಸಿನ ಜಾನುವಾರು ಪಟ್ಟಿಯನ್ನು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದೆ. ಅರವತ್ತು ವರ್ಷಗಳಲ್ಲಿ ಯುರೋಪಿನಲ್ಲಿ ದನಗಳು ಇಳಿದಿವೆ, ಆಫ್ರಿಕಾದಲ್ಲೂ ದಕ್ಷಿಣ ಅಮೆರಿಕದಲ್ಲೂ ಏರಿವೆ. ಎಮ್ಮೆ ಕೋಣಗಳು ಮಾತ್ರ ಹೆಚ್ಚುಕಡಿಮೆ ಎಲ್ಲವೂ ನಮ್ಮ ಏಷ್ಯಾದಲ್ಲೇ ಇವೆ, ಅವೂ ದುಪ್ಪಟ್ಟಾಗಿವೆ! ಓದಿ ನಗು ಬಂತು. ನಾನು ಸಣ್ಣವನಿದ್ದಾಗ ಈ ಬೈಲಿನ ಹನ್ನೊಂದು ಮನೆಗಳಲ್ಲೂ ಕೋಣದ ಜೋಡಿ ಇತ್ತು. ಈಗ ಹನ್ನೊಂದು ಮನೆಗೆ ಮೂರು ಟಿಲ್ಲರ್, ಕೋಣ ಕಟ್ಟುತ್ತಿದ್ದ ಹಟ್ಟಿಗಳಲ್ಲಿ ಬೈಕು. ಏಷ್ಯಾ ಎಂದರೆ ನಮ್ಮೂರು ಸೇರುವುದಿಲ್ಲವೇನೋ ಅಂದುಕೊಂಡೆ.

ಪಟ್ಟಿಯ ಕೆಳಗೆ "ಅಪ್ಪ, ನಮ್ಮನಿ ಲೆಕ್ಕ ಎಷ್ಟ್?" ಎಂದು ಪೆನ್ನಿನಲ್ಲಿ ಬರೆದಿದ್ದೀಯಲ್ಲ, ಅದಕ್ಕೆ ಉತ್ತರ: ಸರ್ಕಾರದ ಗಣತಿಯ ಪ್ರಕಾರ ಎರಡು. ಬೆಚ್ಚಬೇಡ. ಹೋದ ಚಳಿಗಾಲದಲ್ಲಿ ಜಾನುವಾರು ಗಣತಿಗೆ ಚಂದನಾ ಎಂಬ ಹುಡುಗಿ ಬಂದಿದ್ದಳು, ಹೆಮ್ಮಾಡಿ ಕಡೆಯವಳು. ನಮ್ಮ ಕೋಣದ ಜೋಡಿ ಬೊಳ್ಳ, ಕುಟ್ಟಿ ಸಿಡಿಲಿಗೆ ಹೋದವು ಎಂದು ನಾನು ನಿನಗೆ ಫೋನ್ ಮಾಡಿ ಆಗಲೇ ಏಳೆಂಟು ತಿಂಗಳಾಗಿತ್ತು. ಅವಳು ಅಂಗಳದಲ್ಲಿ ನಿಂತು "ಈಗ ಕೋಣ ಎಷ್ಟ್ ಇತ್ತ್?" ಎಂದಳು. ಇಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಒಳಗಿನಿಂದ ಅಜ್ಜಿ, "ಎರಡ್ ಇತ್ತ್ ಅಂದೇಳಿ ಬರಿ ಹೆಣ್ಣೇ" ಎಂದರು. ನಾನು ತಿದ್ದಲಿಲ್ಲ, ತಲೆಯಾಡಿಸಿಬಿಟ್ಟೆ. ಹಟ್ಟಿಯಲ್ಲಿ ಅಜ್ಜಿ ಹಾಕಿದ ಹೊಸ ಹುಲ್ಲು ಕಾಣುತ್ತಿತ್ತು, ಅವಳೂ ಮೊಬೈಲಿನಲ್ಲಿ ಒತ್ತಿಕೊಂಡು ಹೋದಳು.

ಹೌದು, ಅಜ್ಜಿ ಈಗಲೂ ದಿನಾ ಹುಲ್ಲು ಹಾಕುತ್ತಾರೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಜಗಲಿಯಲ್ಲಿ ಕೂತು, "ಕುಟ್ಟಿ ಕಂಬಕ್ಕೆ ಕೊಂಬ್ ತಿಕ್ಕತ್, ಕೇಣ್ತಿಲ್ಯಾ ಮಗಾ?" ಎನ್ನುತ್ತಾರೆ. ಮೊದಮೊದಲು ನಾವು ವಯಸ್ಸಿನ ಮರುಳು ಎಂದುಕೊಂಡೆವು. ನಿನ್ನ ಅಮ್ಮನಿಗೆ ಏನೂ ಕೇಳಿಸುವುದಿಲ್ಲ. ನನಗೆ ಕೇಳಿಸುತ್ತದೆ ಮಗಳೇ. ಕೊಂಬು ಮರಕ್ಕೆ ಉಜ್ಜುವ ಸದ್ದು, ಆಮೇಲೆ ಒಂದು ದೊಡ್ಡ ಉಸಿರು. ಎದ್ದು ಹೋಗಿ ನೋಡಿದರೆ ಯಾರೂ ಇಲ್ಲ, ಹುಲ್ಲು ಹಾಕಿದಂತೆಯೇ ಇದೆ. ನನಗೆ ಹೆದರಿಕೆಯಾಗುತ್ತದೆ.

ಕಂಬಳಗದ್ದೆಗೆ ಇಳಿದ ಕೋಣವನ್ನು ನಮ್ಮ ಮನೆಯವರು ಮಾರುವುದಿಲ್ಲ, ಸತ್ತರೆ ನಮ್ಮ ನೆಲದಲ್ಲೇ ಹುಗಿದು ದೀಪಾವಳಿಗೆ ಅಲ್ಲಿ ಹಣತೆ ಇಡುತ್ತೇವೆ ಎಂಬುದು ನಿನಗೆ ಬಾಯಿಪಾಠ. ಅದಕ್ಕೇ ಈ ಸಲ ಹಬ್ಬಕ್ಕೆ ಬಂದಾಗ ಬೊಳ್ಳ, ಕುಟ್ಟಿಯ ದಿಬ್ಬದ ಮೇಲೆ ಹಲಸಿನ ಗಿಡ ನೆಡುತ್ತೇನೆ ಎಂದು ಹಟ ಹಿಡಿದಿದ್ದೀ. ಗುಂಡಿ ತೋಡಲು ಅಮ್ಮ ಪಕ್ಕದ ಮನೆಯ ಪ್ರೇಮಾನಂದನಿಗೆ ಹೇಳಿಯೂ ಆಗಿದೆ. "ಹುಷಾರಾಗ್ ತೋಡ್, ಕೊಂಬಿಗೆ ಪಿಕಾಸಿ ತಾಗೂದ್ ಬ್ಯಾಡ" ಎಂದು ಅಜ್ಜಿ ಅವನಿಗೆ ಎರಡು ಸಲ ಹೇಳಿದರು. ನಾನು ಅಲ್ಲೇ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದೆ.

ರೈಲಿನಲ್ಲಿ ಬರುವಾಗ ಬಾಗಿಲ ಹತ್ತಿರ ನಿಲ್ಲಬೇಡ. ಕುಂದಾಪುರ ಸ್ಟೇಷನ್ನಿಗೆ ನಾನೇ ಬರುತ್ತೇನೆ. ಅಮ್ಮನ ಪ್ರೀತಿ, ಅಜ್ಜಿಯ ಹರಕೆ ನಿನ್ನ ತಲೆಯ ಮೇಲಿರಲಿ.

ನಿನ್ನ ಅಪ್ಪ,
ಭೋಜರಾಜ

ತಾ.ಕ.: ಲಕೋಟೆಗೆ ಅಂಟು ಹಚ್ಚಿದವನು ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಲು ನನಗೆ ಬಾಯಿ ಬರುವುದಿಲ್ಲ. ಗಿಡ ತರಬೇಡ. ಆ ದಿಬ್ಬದ ಕೆಳಗೆ ಏನೂ ಇಲ್ಲ, ಬರೀ ನಾನು ರಾಶಿ ಹಾಕಿದ ಮಣ್ಣು. ಸಿಡಿಲು ಬಡಿಯಲೇ ಇಲ್ಲ. ಅಮ್ಮ, ಅಜ್ಜಿ ಬೀಜಾಡಿಯ ಮದುವೆಗೆ ಹೋಗಿದ್ದಾಗ ಬೈಂದೂರು ಕಡೆಯ ಲಾರಿಗೆ ಎರಡನ್ನೂ ಕೊಟ್ಟೆ. ಈ ಮಂಡಿ ಇಟ್ಟುಕೊಂಡು ಸಾಕಲು ಆಗುತ್ತಿರಲಿಲ್ಲ, ಅಜ್ಜಿಗೆ ಹೇಳುವ ಧೈರ್ಯವೂ ಇರಲಿಲ್ಲ. ಎಲ್ಲಿಗೆ ಎಂದು ಕೇಳಲಿಲ್ಲ. ನೀನು ಬಂದು ಪಕ್ಕದಲ್ಲಿ ಕೂತರೆ ಅಜ್ಜಿಗೆ ನಾನೇ ಹೇಳುತ್ತೇನೆ. ಬೊಳ್ಳ ಸುಮ್ಮನೆ ಹತ್ತಿತು. ಕುಟ್ಟಿ ಯಾರು ಎಳೆದರೂ ಹತ್ತಲಿಲ್ಲ. ಕೊನೆಗೆ ನಾನೇ ಲಾರಿಯೊಳಗೆ ನಿಂತು ಹೆಸರು ಹಿಡಿದು ಕರೆದೆ. ನನ್ನ ದನಿ ಕೇಳಿ ಬಂತು.