ಒಂದು ಗಜದ ಆಟಗಾರನಿಗೆ

ಯಾರ್ಕ್‌ಟನ್, ಸಸ್ಕಾಚೆವಾನ್
ಶನಿವಾರ, ಮೇ 18, 2024

ಪ್ರೀತಿಯ ಮಾರ್ಕೊ,

ಅಡುಗೆಮನೆಯ ಮೇಜಿನ ಬಳಿ ಆದದ್ದನ್ನು ಬರೆಯದೇ ಬಿಡುವುದರಲ್ಲಿದ್ದೆ. ಬೆಳಿಗ್ಗೆ ಬರೆದ ಪತ್ರದಲ್ಲಿ ಬರೀ ಹವೆ, ಸೊಳ್ಳೆ, ಅಪ್ಪನ ಮಂಡಿನೋವು ಇತ್ತು. ಓದಿ ನೋಡಿದರೆ ಯಾರೋ ದೂರದ ನೆಂಟರಿಗೆ ಬರೆದ ಹಾಗಿತ್ತು. ಹರಿದು ಹಾಕಿ ಮತ್ತೆ ಕೂತಿದ್ದೇನೆ.

ಹೇಗಿದ್ದೀಯ? ಭುಜಕ್ಕೆ ಐಸ್ ಇಟ್ಟುಕೊಳ್ಳುತ್ತಿದ್ದೀಯಾ? ಕ್ಯಾಂಪಿನ ಊಟ ಸೇರುತ್ತದೆಯಾ, ಅಥವಾ ಹೋದ ವರ್ಷದ ಹಾಗೆ ಬಾಳೆಹಣ್ಣಿನ ಮೇಲೇ ಬದುಕಿದ್ದೀಯಾ? ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಬಿತ್ತನೆ ಅರ್ಧ ಮುಗಿದಿದೆ, ಊರೆಲ್ಲ ಧೂಳು. ನೀನು ಬಂದಾಗ ಕಟ್ಟಿದ ಪಿರೋಗಿ ಕಡುಬುಗಳಲ್ಲಿ ಒಂದು ಡಬ್ಬಿ ಇನ್ನೂ ಫ್ರೀಜರಿನಲ್ಲಿದೆ. ಅಪ್ಪ ಯಾರಿಗೂ ಮುಟ್ಟಗೊಡುತ್ತಿಲ್ಲ, ನಿನ್ನ ಮೊದಲ ಆಟದ ದಿನ ಬೇಯಿಸಬೇಕಂತೆ. ಈ ವರ್ಷ ತಂಡದ ಪಟ್ಟಿಯಲ್ಲಿ ನಿನ್ನ ಹೆಸರೇ ಮೊದಲು ಎಂದು ಸುದ್ದಿ ಬಂದಾಗಿನಿಂದ ಅವರಿಗೆ ನೆಲ ಕಾಣುತ್ತಿಲ್ಲ. ಕರ್ಲಿಂಗ್ ಕ್ಲಬ್ಬಿನ ಕಾಫಿ ಮೇಜಿನಲ್ಲಿ ಒರೆಸ್ಟ್ ಮಾಮ ಎಂದಿನಂತೆ, “ಏನಪ್ಪಾ, ನಿನ್ನ ಒಂದು ಗಜದ ಮಗ ಈಗ ಎರಡು ಗಜ ಓಡ್ತಾನಂತಾ?” ಎಂದು ಕೆಣಕಿದರಂತೆ. ಅಪ್ಪ ಲೋಟ ಕೆಳಗಿಟ್ಟು, “ಆ ಒಂದು ಗಜ ನೀನು ಹೋಗಿ ತಗೊಂಡು ಬಾ, ನೋಡೋಣ. ಮೂಳೆ ಆರಿಸೋಕೆ ನಾನು ಚೀಲ ತರ್ತೀನಿ” ಎಂದರಂತೆ. ಕ್ಲಬ್ಬಿನವರೆಲ್ಲ ಸೇರಿ ಬಸ್ಸು ಗೊತ್ತುಮಾಡಿಕೊಂಡು ನಿನ್ನ ಆಟಕ್ಕೆ ಹೊರಟಿದ್ದಾರೆ. ಒರೆಸ್ಟ್ ಮಾಮನಿಗೆ ಕಿಟಕಿ ಪಕ್ಕದ ಸೀಟೇ ಬೇಕಂತೆ.

ಮೊನ್ನೆ ನನ್ನ ತರಗತಿಯಲ್ಲಿ ಒಬ್ಬಳು, ನಿಮ್ಮ ತಮ್ಮ ಏನು ಕೆಲಸ ಮಾಡ್ತಾರೆ ಎಂದು ಕೇಳಿದಳು. ಬೋರ್ಡಿನ ಮೇಲೆ ಗೆರೆ ಎಳೆದು ಹೇಳಿದೆ: ನಮ್ಮ ಕೆನಡಾದ ಫುಟ್‌ಬಾಲಿನಲ್ಲಿ ಚೆಂಡು ಕೈಯಲ್ಲಿ ಹಿಡಿದು ಮೂರು ಯತ್ನದಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಎರಡು ಯತ್ನ ಮುಗಿದು ಇನ್ನೊಂದೇ ಗಜ ಉಳಿದಾಗ, ಚೆಂದವಾಗಿ ಎಸೆಯುವ ದೊಡ್ಡ ಆಟಗಾರ ಪಕ್ಕಕ್ಕೆ ಸರಿಯುತ್ತಾನೆ, ನನ್ನ ತಮ್ಮ ಬರುತ್ತಾನೆ. ಚೆಂಡನ್ನು ಹೊಟ್ಟೆಗೆ ಅವುಚಿ, ತಲೆ ಬಗ್ಗಿಸಿ, ಆ ಮೈಗಳ ಗೋಡೆಗೆ ನುಗ್ಗುತ್ತಾನೆ. “ಆಮೇಲೆ?” ಎಂದಳು. ಆಮೇಲೆ ಹೊರಗೆ ಹೋಗಿ ಕೂರುತ್ತಾನೆ ಎಂದೆ. “ಅಷ್ಟೇನಾ ಮಿಸ್?” ಎಂದಳು. ಮಕ್ಕಳು ನಕ್ಕರು, ನಾನೂ ನಕ್ಕೆ.

ನಿನ್ನ ಹಟ ನನಗೆ ಗೊತ್ತು. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಜಾಗಕ್ಕೆ ಗಡಿಯಾಚೆಯಿಂದ ಅಮೆರಿಕದ ಹುಡುಗರೇ ಬರುವುದು, ನಮ್ಮೂರಿನವನಿಗೆ ಯಾರು ಕೊಡುತ್ತಾರೆ? ನಿನ್ನ ಮೊದಲ ಕೋಚ್, “ಮೈಕಟ್ಟು ಚೆನ್ನಾಗಿದೆ, ಚೆಂಡು ಹಿಡಿಯೋನಾಗು, ಎಸೆಯೋ ಆಸೆ ಬಿಡು” ಎಂದಿದ್ದ. ನೀನು ಬಿಡಲಿಲ್ಲ. ಮೂರು ಊರು ಬದಲಾಯಿಸಿದೆ. ಅಂಚಿನಲ್ಲಿ ನಿಂತು ಬೇರೆಯವರ ಆಟಕ್ಕೆ ಕೈಸನ್ನೆ ಮಾಡಿದೆ, ಒದೆಯುವವನಿಗೆ ಮಂಡಿಯೂರಿ ಚೆಂಡು ಹಿಡಿದುಕೊಟ್ಟೆ. ಕೊನೆಗೆ ಆ ಒಂದು ಗಜ ನಿನ್ನದಾಯಿತು. ಆ ಗಜದಲ್ಲಿ ನಿನ್ನನ್ನು ತಡೆದವರು ಕಡಿಮೆ. ಈಗ, ಮೂವತ್ತಾರನೆಯ ವಯಸ್ಸಿಗೆ, ಇಡೀ ಮೈದಾನ ಕೊಟ್ಟಿದ್ದಾರೆ. ಇದೆಲ್ಲ ಗೊತ್ತಿದ್ದೂ ಮುಂದಿನ ಸಾಲು ಬರೆಯುವುದು ನನಗೆ ಸುಲಭವಲ್ಲ.

ಪ್ರತಿ ಮೇ ತಿಂಗಳಲ್ಲಿ ಕ್ಯಾಂಪಿಗೆ ಹೊರಡುವ ಮೊದಲು ನೀನು ಇಲ್ಲಿಗೆ ಬಂದು ದಡ್ಡನಾಗುವ ಅಭ್ಯಾಸ ಮಾಡುತ್ತೀಯಲ್ಲ, ಅದು ನನಗೆ ತಮಾಷೆಯಾಗಿಯೇ ಕಂಡಿತ್ತು. ಋತು ಶುರುವಾಗುವ ಮುಂಚೆ ತಂಡದವರು ಎಲ್ಲರ ನೆನಪಿನ ಶಕ್ತಿ ಅಳೆದಿಡುತ್ತಾರೆ. ಆಟದಲ್ಲಿ ತಲೆಗೆ ಪೆಟ್ಟು ಬಿದ್ದರೆ ಮತ್ತೆ ಅಳೆದು ಹೋಲಿಸುತ್ತಾರೆ. ಮೊದಲೇ ಮಂಕಾಗಿ ಉತ್ತರಿಸಿದ್ದರೆ ಆಮೇಲೆ ಮಂಕಾದದ್ದು ಗೊತ್ತಾಗುವುದಿಲ್ಲ. “ಎಲ್ಲಾರೂ ಮಾಡ್ತಾರೆ ಕಣೇ ಲೆಸ್ಯಾ. ಆದ್ರೆ ತೀರಾ ದಡ್ಡ ಆಗ್ಬಾರ್ದು, ಅನುಮಾನ ಬರುತ್ತೆ” ಎನ್ನುತ್ತಿದ್ದೆ. ನಾನು ಪದಗಳನ್ನು ಓದುವುದು, ನೀನು ಬೇಕೆಂದೇ ಕೆಲವನ್ನು ಬಿಡುವುದು, ಮುಗಿದ ಮೇಲೆ “ಈಗ ನಿಜವಾದ್ದು ಹೇಳ್ಲಾ ಟೀಚರಮ್ಮಾ?” ಎಂದು ಅಷ್ಟನ್ನೂ ಓದಿದ ಕ್ರಮದಲ್ಲೇ ಪಟಪಟನೆ ಒಪ್ಪಿಸಿ ನನ್ನ ತಲೆಗೂದಲು ಕೆದರುವುದು. ಮೂರು ವರ್ಷದ ಹಿಂದೆ ಆ ಅಕ್ಟೋಬರಿನ ಆಟದಲ್ಲಿ ನೀನು ಮೈಗಳ ರಾಶಿಯ ಕೆಳಗಿನಿಂದ ಎದ್ದು ಎದುರಾಳಿಗಳ ಸಾಲಿಗೆ ಹೋಗಿ ನಿಂತೆ. ಗೆದ್ದ ಖುಷಿಯಲ್ಲಿ ದಾರಿ ತಪ್ಪಿದ ಎಂದು ಟೀವಿಯವರು ನಕ್ಕರು, ಅಪ್ಪನೂ ನಕ್ಕರು. ಆಮೇಲೆ ಮಾಡಿದ ನೆನಪಿನ ಪರೀಕ್ಷೆಯಲ್ಲಿ ನೀನು ಪಾಸಾದೆ. ಹೇಗೆ ಪಾಸಾದೆ ಎನ್ನುವುದು ಈ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಈ ಸಲ ಅಡುಗೆಮನೆಯ ಮೇಜಿನ ಬಳಿ ಕೂತು ನಾನು ಓದಿದ್ದು ಅಪ್ಪನ ಗ್ಯಾರೇಜಿನ ವಸ್ತುಗಳು: ಸುತ್ತಿಗೆ, ಹಗ್ಗ, ಸಲಿಕೆ, ಆ ತರಹದವು. ನೀನು ಕೆಲವನ್ನು ಹೇಳಿದೆ, ಕೆಲವನ್ನು ಬಿಟ್ಟೆ. ಚೆನ್ನಾಗಿ ನಟಿಸಿದೆ ಎಂದುಕೊಂಡೆ. ಈಗ ನಿಜವಾದ್ದು ಹೇಳು ಎಂದು ನಾನೇ ಕೇಳಬೇಕಾಯಿತು. ನೀನು ಎದೆ ಸೆಟೆಸಿ ಶುರುಮಾಡಿದೆ: ಸೌಟು, ತುರಿಮಣೆ, ಬಾಣಲೆ, ಜರಡಿ... ಅವು ಹೋದ ವರ್ಷ ನಾನು ಓದಿದ ಅಡುಗೆಮನೆಯ ಪದಗಳು, ಮಾರ್ಕೊ. ಚೇಷ್ಟೆ ಮಾಡುತ್ತಿದ್ದೀಯ ಎಂದು ನಾನು ನಕ್ಕೆ. ನೀನು ನಗಲಿಲ್ಲ. “ಏನು, ಎಲ್ಲಾ ಸರಿ ತಾನೆ?” ಎಂದು ನನ್ನ ಮುಖ ನೋಡಿದೆ. ನಾನು ಸರಿ ಎಂದೆ.

ಯಾಕೆ ಹಾಗೆಂದೆ ಎಂದು ಆವತ್ತಿನಿಂದ ಕೇಳಿಕೊಳ್ಳುತ್ತಿದ್ದೇನೆ. ನಿನ್ನ ಮುಖದಲ್ಲಿದ್ದ ಆ ಸಂತೋಷ ಕೆಡಿಸಲು ಮನಸ್ಸಾಗಲಿಲ್ಲ ಎನ್ನುವುದು ಒಂದು ಉತ್ತರ. ನಿಜ ಹೇಳಿದರೆ ಮುಂದಾಗುವುದಕ್ಕೆ ನಾನೇ ಹೊಣೆಯಾಗಬೇಕಲ್ಲ ಎನ್ನುವ ಹೆದರಿಕೆ ಇನ್ನೊಂದು. ಯಾವುದು ಹೆಚ್ಚು ನಿಜವೋ ತಿಳಿಯದು. ಆಮೇಲೆ ಭಾನುವಾರ ನೀನು ಕ್ಯಾಂಪಿನಿಂದ ಫೋನ್ ಮಾಡಿದೆ. “ಪರೀಕ್ಷೆ ಆಯ್ತು ಕಣೇ. ಈ ಸಲ ಗಡಿಬಿಡಿಯಲ್ಲಿ ನಾಟಕ ಆಡೋದೇ ಮರ್ತೆ, ನೆಟ್ಟಗೇ ಉತ್ತರ ಬರೆದ್ಬಿಟ್ಟೆ. ಆದ್ರೂ ನಾಟಕ ಆಡಿದಾಗ ಪ್ರತಿ ವರ್ಷ ಬರೋ ಅದೇ ಅಂಕ ಬಂತು ನೋಡು, ನನ್ನ ಅದೃಷ್ಟ!” ಎಂದು ಗಹಗಹಿಸಿದೆ. ಪಕ್ಕದಲ್ಲಿ ಅಪ್ಪ ನಿಂತಿದ್ದರು. “ಏನಂತೆ? ಏನಂತೆ?” ಎಂದು ತೋಳು ಜಗ್ಗಿದರು. ಪಾಸಂತೆ ಎಂದೆ.

ಇದನ್ನು ತಂಡದವರಿಗೆ ಹೇಳಿದರೆ, ನೀನು ಇಷ್ಟು ವರ್ಷ ಕಾದ ಒಂದೇ ಒಂದು ವರ್ಷವನ್ನು ನಿನ್ನ ಅಕ್ಕನೇ ಕಿತ್ತುಕೊಂಡ ಹಾಗೆ. ಟೆಕ್ಸಸ್ಸಿನಿಂದ ಬಂದ ಆ ಹೊಸ ಹುಡುಗ ನಿನ್ನ ಜಾಗದಲ್ಲಿ ನಿಲ್ಲುತ್ತಾನೆ, ಅಪ್ಪ ಕ್ಲಬ್ಬಿಗೆ ಹೋಗುವುದನ್ನು ನಿಲ್ಲಿಸುತ್ತಾರೆ. ಹೇಳದಿದ್ದರೆ, ನಿನ್ನ ಆಟ ನಡೆಯುವ ದಿನಗಳಲ್ಲೆಲ್ಲ ನಾನು ಅಪ್ಪನ ಪಕ್ಕದಲ್ಲಿ ಕೂತು, ನೀನು ರಾಶಿಯೊಳಗಿನಿಂದ ಏಳುತ್ತೀಯೋ ಇಲ್ಲವೋ, ಎದ್ದರೆ ಯಾವ ಕಡೆಗೆ ನಡೆಯುತ್ತೀಯೋ ಎಂದು ನೋಡುತ್ತಿರಬೇಕು. ಚಪ್ಪಾಳೆ ಬೇರೆ ಹೊಡೆಯಬೇಕು. ಮೊದಲು ನಿನಗೆ ಹೇಳಿ, ನೀನೇ ನಿರ್ಧರಿಸು ಎನ್ನೋಣವೆಂದುಕೊಂಡೆ. ಆದರೆ ನಿರ್ಧರಿಸಬೇಕಾದ್ದು ಆ ತಲೆಯೇ ಅಲ್ಲವೇ?

ಊಟ ಮಾಡು. ಭುಜ ನೋಡಿಕೋ. ಅಪ್ಪ ನಿನಗೆ ಆಶೀರ್ವಾದ ಹೇಳಿದ್ದಾರೆ, ಜೊತೆಗೆ ಎಡಗಡೆ ನೋಡದೆ ಚೆಂಡು ಎಸೆಯಬೇಡ ಎಂದೂ ಹೇಳಿದ್ದಾರೆ. ನೀನು ಎಸೆದರೂ ಎಸೆಯದಿದ್ದರೂ ನೀನು ನನಗೆ ನೀನೇ.

ನಿನ್ನ ಅಕ್ಕ,
ಲೆಸ್ಯಾ

ಮರೆತಿದ್ದೆ ಎಂದು ಬರೆಯಲಾರೆ, ಧೈರ್ಯ ಸಾಲದೆ ಸಹಿಯ ಕೆಳಗೆ ಇಟ್ಟಿದ್ದೇನೆ: ನಿಮ್ಮ ತಂಡದ ವೈದ್ಯರಿಗೂ ಒಂದು ಪತ್ರ ಬರೆದಿದ್ದೇನೆ. ವರ್ಷವರ್ಷ ನಾವಿಬ್ಬರೂ ಮಾಡಿದ್ದು, ಈ ವರ್ಷ ನಿನ್ನ ಬಾಯಿಂದ ಬಂದದ್ದು, ಎಲ್ಲ ಅದರಲ್ಲಿದೆ, ನನ್ನ ಹೆಸರಿನ ಸಮೇತ. ಅದು ಅವರ ಕೈ ಸೇರುವ ಮುಂಚೆ ನೀನೇ ಹೋಗಿ ಹೇಳಿದರೆ ನನಗೆ ಅದಕ್ಕಿಂತ ಬೇರೇನೂ ಬೇಡ. ಫೋನಿನಲ್ಲಿ ಮೊದಲೇ ಹೇಳಬಹುದಿತ್ತು. ಆದರೆ ನೀನು ಎರಡು ಮಾತಾಡಿದರೆ ನಾನು ಒಪ್ಪಿಬಿಡುತ್ತೇನೆ, ಅದಕ್ಕೇ ಪತ್ರ ಅಂಚೆಗೆ ಹಾಕುವ ತನಕ ನಿನ್ನ ಕರೆ ಎತ್ತುವುದಿಲ್ಲ. ಎರಡು ಪತ್ರವನ್ನೂ ಒಟ್ಟಿಗೇ ಹಾಕುತ್ತೇನೆ. ಸೋಮವಾರ ವಿಕ್ಟೋರಿಯಾ ದಿನದ ರಜೆ, ಅಂಚೆ ಕಚೇರಿ ಇಲ್ಲ. ಮಂಗಳವಾರ ಬೆಳಿಗ್ಗೆ, ಮೇ 21.