ಕೊಟ್ಟಿಗೆಯ ಪೂಜೆ

ಗುರುವಾರ, ೯ ನವೆಂಬರ್ ೨೦೨೩

ಮಗಳೇ ಉಮಾಶ್ರೀ,

ಅವ್ವನ ಮನಸ್ಸು ತುಂಬಿದ ಆಶೀರ್ವಾದ. ಫೋನಿನಲ್ಲಿ ಅಪ್ಪನ ಹೆಸರೆತ್ತಿದರೆ ಸಾಕು, ಕಟ್ ಮಾಡುತ್ತೀ. ಕಾಗದವನ್ನಾದರೂ ಕೊನೆತನಕ ಓದುತ್ತೀ ಅಂತ ಬರೆಯುತ್ತಿದ್ದೇನೆ.

ಅವತ್ತು ಮುಟ್ಟಾಗಿದ್ದರೂ ನೀನು ಲಿಂಗಪೂಜೆಗೆ ಕೂತಿದ್ದಕ್ಕೆ ಅಪ್ಪ, "ಹೊರಗಾದಾಕಿ ಒಳಗ ಯಾಕ ಬಂದಿ? ಕೊಟ್ಟಿಗ್ಯಾಗ ಹೋಗಿ ಕೂಡು" ಅಂದರು. ಸಂಜೆ ಅದೇ ಬಾಯಿಂದ ಹಳಿಯಾಳದ ಕಟ್ಟೆಯ ಮೇಲಿನ ಪ್ರವಚನದಲ್ಲಿ, ಲಿಂಗ ಕಟ್ಟಿಕೊಂಡವರಿಗೆ ಸೂತಕವಿಲ್ಲ, ಮುಟ್ಟು ಮೈಲಿಗೆಯಲ್ಲ ಅಂದರು. ಹೆಂಗಸರೆಲ್ಲ ಕಣ್ಣೊರೆಸಿಕೊಂಡರು. ನೀನು ಎದ್ದು ಬಂದೆ. ಮರುದಿನ ಬೆಳಿಗ್ಗೆ ಕೊರಳಿನ ಲಿಂಗ ಬಿಚ್ಚಿ ದೇವರ ಜಗಲಿಯ ಮೇಲಿಟ್ಟು, ಅಪ್ಪನ ನಡೆಯೂ ಸುಳ್ಳು ಮಾತೂ ಸುಳ್ಳು ಅಂತ ಹೇಳಿ ದಾಂಡೇಲಿ ಬಸ್ಸು ಹತ್ತಿದೆ.

ನಡೆಯ ಬಗ್ಗೆ ನೀನು ಏನೇ ಅಂದರೂ ನಾನು ಎದುರಾಡುವುದಿಲ್ಲ. ಅವರ ಪರ ಮಾತಾಡಿ ಮಾತಾಡಿ ನನಗೂ ಸಾಕಾಗಿದೆ. ಆದರೆ ಆ ಮಾತು ಸುಳ್ಳಲ್ಲ, ಉಮಾ.

ಮದುವೆಯಾಗಿ ಬಂದಾಗಿನಿಂದ ಮುಟ್ಟು ನಿಲ್ಲುವವರೆಗೂ ತಿಂಗಳು ತಿಂಗಳು ಆ ಕೊಟ್ಟಿಗೆಯಲ್ಲಿ ಕೂತವಳು ನಾನು. ಸೆರಗಿನ ತುದಿಯಲ್ಲಿ ವಿಭೂತಿ ಕಟ್ಟಿಕೊಂಡು ಹೋಗುತ್ತಿದ್ದೆ. ಎಮ್ಮೆಯ ಪಕ್ಕ ಗೋಣಿಚೀಲ ಹಾಸಿಕೊಂಡು, ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡುತ್ತಿದ್ದೆ. ಒಂದು ದಿನವೂ ತಪ್ಪಿಸಲಿಲ್ಲ. ಅವರಿಗೆ ಇಂದಿಗೂ ಗೊತ್ತಿಲ್ಲ. ಗಂಡನ ಹೆಸರು ಬರೆಯುತ್ತೇನೆ, ನಗಬೇಡ: ಮನೆಯ ಅಡಿವೆಯ್ಯ ಬೇಡ ಅಂದಿದ್ದನ್ನು ಕಟ್ಟೆಯ ಮೇಲಿನ ಅಡಿವೆಯ್ಯನ ಮಾತು ನಂಬಿ ಮಾಡಿದೆ. ಆ ಮಾತು ಇಲ್ಲದಿದ್ದರೆ ಕೊಟ್ಟಿಗೆಯಲ್ಲಿ ನನಗೆ ಹುಚ್ಚು ಹಿಡಿಯುತ್ತಿತ್ತು.

ನೀನು ಹೋದ ಮೇಲೆ ಅವರು, ನೀನು ಬಿಚ್ಚಿಟ್ಟ ಲಿಂಗ ಮೈಲಿಗೆಯಾಗಿದೆ, ಹೊಳೆಗೆ ಬಿಟ್ಟು ಬಾ ಅಂದರು. ನಾನು ಬಿಡಲಿಲ್ಲ. ನನ್ನ ಹತ್ತಿರ ಭದ್ರವಾಗಿದೆ. ಮತ್ತೆ ಕಟ್ಟಿಕೊಳ್ಳುವುದು, ಬಿಡುವುದು ನಿನ್ನ ಇಷ್ಟ. ನಂಬಿಕೆ ಇಲ್ಲದಿದ್ದರೆ ಬಿಡು, ನನಗೆ ಬೇಸರವಿಲ್ಲ. ಅಪ್ಪನ ಮೇಲಿನ ಸಿಟ್ಟಿಗೆ ಮಾತ್ರ ಬಿಡಬೇಡ. ಅದು ಅವರ ಆಸ್ತಿಯಲ್ಲ.

ದಣಿದಿದ್ದೇನೆ ಮಗಳೇ, ಕೈ ನೋಯುತ್ತಿದೆ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅವ್ವ,
ಕಾಶೆವ್ವ

ತಾ.ಕ.: ಹಳಿಯಾಳದ ಮನೆಗೆ ಬರಬೇಡ, ನಾನಲ್ಲಿಲ್ಲ. ಸೋಮವಾರವೇ ಮುಂಡಗೋಡಕ್ಕೆ, ನಿನ್ನ ಕೆಂಚವ್ವ ಚಿಗವ್ವನ ಮನೆಗೆ ಬಂದುಬಿಟ್ಟೆ. ಟಿಬೆಟನ್ ಕಾಲೊನಿಯ ಹೊಲದಲ್ಲಿ ಗೋವಿನಜೋಳದ ತೆನೆ ಮುರಿಯುವ ಕೆಲಸ ಸಿಕ್ಕಿದೆ. ಹೊರಡುವಾಗ ಅವರು ಬಾಗಿಲಿಗೆ ಅಡ್ಡ ನಿಂತು, "ಯಾರ ಮಾತು ಕೇಳಿ ಹೊಂಟಿ?" ಅಂದರು. "ನಿಮ್ಮ ಮಾತ ಕೇಳಿ ರೀ" ಅಂದೆ. ದಾರಿ ಬಿಟ್ಟರು.